ಎತ್ತರ ಕೇಳಬೇಡಿ, ಪಕ್ಕದಿಂದ ನೋಡಿ: ಹೀಲ್ ನೋಡಿ ಕಾಲ ಗುರುತಿಸುವುದು ಹೇಗೆ

ನಾಟಕದಲ್ಲಿ ಮೊದಲ ಸಾಲಿನಲ್ಲಿ ಕೂತವರ ಕಣ್ಣು ನಟರ ಮುಖದ ಮಟ್ಟಕ್ಕೆ ಇರುವುದಿಲ್ಲ, ಪಾದದ ಮಟ್ಟಕ್ಕೆ ಇರುತ್ತದೆ. ಹದಿನೆಂಟು ವರ್ಷದಿಂದ ನಾಟಕಗಳಿಗೆ ಬಟ್ಟೆ, ಶೂ ಹೊಂದಿಸುವ ಕೆಲಸ ಮಾಡುತ್ತಿದ್ದೇನೆ. ಆದರೂ ಇದು ನನ್ನ ತಲೆಗೆ ಹೋಗಿದ್ದು ಒಂದು ಫಜೀತಿ ಆದ ಮೇಲೆಯೇ.

ಫ್ರಾನ್ಸಿನ 14ನೇ ಲೂಯಿಯ ಆಸ್ಥಾನದ ಕಥೆ ಅದು. ರಾಣಿಯ ಪಾತ್ರಕ್ಕೆ ನನ್ನ ಪೆಟ್ಟಿಗೆಯಲ್ಲಿದ್ದ ಬಂಗಾರದ ಬಣ್ಣದ ಪೆನ್ಸಿಲ್ ಹೀಲ್ಸ್ ಕೊಟ್ಟೆ. ರಾಜನಿಗೆ ಚಪ್ಪಟೆ ಅಟ್ಟೆಯ ಕಪ್ಪು ಶೂ. ಗಂಡಸಲ್ವಾ, ಹೀಲ್ ಯಾಕೆ ಅಂದುಕೊಂಡೆ. ಎರಡನೇ ಅಂಕದಲ್ಲಿ ರಾಣಿಯ ಹೀಲ್ ರಂಗದ ಹಲಗೆಗಳ ಸಂದಿಗೆ ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ. ಕೊನೆಗೆ ಶೂ ಅಲ್ಲೇ ಬಿಟ್ಟು, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಅನ್ನುವ ಹಾಗೆ ಕುಂಟುತ್ತಾ ಸಿಂಹಾಸನ ಸೇರಿದಳು. ಜನ ಬಿದ್ದು ಬಿದ್ದು ನಕ್ಕರು. ನಾಟಕ ಮುಗಿದ ಮೇಲೆ ಮೊದಲ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಒಳಗೆ ಬಂದರು. ಜೀವನವಿಡೀ ಶೂ ಹೊಲಿದವರಂತೆ. "ಸಿಕ್ಕಿಕೊಂಡಿದ್ದು ಬಿಡಮ್ಮ. ಆ ಹೀಲ್ ಹುಟ್ಟೋಕೆ ಇನ್ನೂ ಇನ್ನೂರೈವತ್ತು ವರ್ಷ ಬಾಕಿ ಇತ್ತು. ಹೀಲ್ ಇರಬೇಕಾಗಿದ್ದ ರಾಜನ ಕಾಲಲ್ಲಿ ಮಾತ್ರ ಹೀಲೇ ಇಲ್ಲ" ಅಂದರು. ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಅವತ್ತಿನಿಂದ ಎಲ್ಲಿ ಶೂ ಕಂಡರೂ, ಅದು ಪೇಂಟಿಂಗ್ ಆಗಲಿ, ಹಳೇ ಫೋಟೊ ಆಗಲಿ, ಅಟ್ಟದ ಮೇಲಿನ ಪೆಟ್ಟಿಗೆ ಆಗಲಿ, ಮೊದಲು ಹೀಲ್ ನೋಡುತ್ತೇನೆ. ಹಾಗೆ ನೋಡುವುದಕ್ಕೆ ಒಂದು ಕ್ರಮ ರೂಢಿಯಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎತ್ತರ ಮರೆತುಬಿಡಿ

ಎಲ್ಲರೂ ಮೊದಲು ನೋಡುವುದು ಎತ್ತರ. "ಇಷ್ಟು ಎತ್ತರ ಇದೆ ಅಂದರೆ ಈಚಿನದೇ ಇರಬೇಕು" ಅನ್ನುತ್ತಾರೆ. ತಪ್ಪು. 15ನೇ ಶತಮಾನದಿಂದ 17ನೇ ಶತಮಾನದವರೆಗೆ ವೆನಿಸ್‌ನ ಹೆಂಗಸರು ಷೋಪೀನ್ ಅನ್ನುವ ಮೆಟ್ಟು ಹಾಕುತ್ತಿದ್ದರು. ಅಡಿಯಲ್ಲಿ ಮರದ ಕಂಬ, ಮೇಲೆ ಚರ್ಮ ಇಲ್ಲವೇ ಮಖಮಲ್. ಅವುಗಳಲ್ಲಿ ಕೆಲವು ಸುಮಾರು 50 ಸೆಂ.ಮೀ. ಎತ್ತರ ಇದ್ದವು. ನಡೆಯುವಾಗ ಆಸರೆಗೆ ಪಕ್ಕದಲ್ಲಿ ಸೇವಕಿ ಬೇಕಿತ್ತು. ಇವತ್ತಿನ ಯಾವ ಹೀಲೂ ಅದರ ಹತ್ತಿರ ಸುಳಿಯುವುದಿಲ್ಲ.

ಆದರೆ ಷೋಪೀನ್‌ನಲ್ಲಿ ಹೀಲ್ ಇಲ್ಲ, ಅದನ್ನು ಗಮನಿಸಿ. ಪಾದದಡಿ ಪೂರ್ತಿ ಮೇಲೆದ್ದಿದೆ. ಬೆರಳೂ ಹಿಮ್ಮಡಿಯೂ ಒಂದೇ ಮಟ್ಟದಲ್ಲಿವೆ. ಅದು ಪೀಠ. ಹೀಲ್ ಅಂದರೆ ಹಿಮ್ಮಡಿ ಮೇಲೆ, ಬೆರಳು ಕೆಳಗೆ. ಯುರೋಪಿನ ಚಿತ್ರದಲ್ಲಿ ಪೀಠ ಮಾತ್ರ ಕಂಡರೆ ಅದು 1600ಕ್ಕಿಂತ ಹಿಂದಿನದು ಅಂತ ಮೊದಲ ಊಹೆ ಮಾಡಬಹುದು. ಕಾರ್ಪಾಚೊ 1490ರ ಸುಮಾರಿಗೆ ಬರೆದ ವೆನಿಸ್‌ನ ಇಬ್ಬರು ಹೆಂಗಸರ ಚಿತ್ರದಲ್ಲಿ ಒಂದು ಜೊತೆ ಷೋಪೀನ್ ನೆಲದ ಮೇಲೆ ಸುಮ್ನೆ ಬಿದ್ದಿದೆ. ಮನೆಯೊಳಗೆ ಬಂದ ಕೂಡಲೇ ಕಳಚಿ ಎಸೆದ ಹಾಗಿದೆ. ಪಾಪ, ಅರ್ಥವಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಹೀಲ್ ತಂದವಳು ಕ್ಯಾಥರೀನ್ ಡಿ ಮೆಡಿಚಿ, 1533ರಲ್ಲಿ ಮದುವೆಗೆ ಹಾಕಿಕೊಂಡಳು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ನಾನು ನಂಬುವುದಿಲ್ಲ. ಯುರೋಪಿನಲ್ಲಿ ಹೀಲ್ ಕಾಣಿಸಿಕೊಳ್ಳುವುದೇ ಆ ಶತಮಾನದ ಕೊನೆಗೆ. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಉಡುಪಿನ ಲೆಕ್ಕದಲ್ಲಿ ಎತ್ತರದ ಹೀಲ್ ಇರುವ ಶೂ ಬರುವುದು 1595ರಲ್ಲಿ. ಕ್ಯಾಥರೀನ್ ಎತ್ತರಕ್ಕೆ ಏನಾದರೂ ಹಾಕಿದ್ದರೆ ಅದು ಷೋಪೀನ್ ಇರಬೇಕು.

ಯಾರ ಕಾಲು ಅಂತ ಕೇಳಿ

ಎರಡನೇ ಪ್ರಶ್ನೆ ಇದು. ಗಂಡಸಿನ ಕಾಲಲ್ಲಿ ಹೀಲ್ ಕಂಡರೆ ಕಾಲ ಹಿಡಿಯುವುದು ಸುಲಭ.

ಹೀಲ್ ಶುರುವಾಗಿದ್ದು ಕುದುರೆ ಮೇಲೆ. ಪರ್ಷಿಯಾದ ಸವಾರರು ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಎದ್ದು ನಿಂತು ಬಾಣ ಬಿಡುತ್ತಿದ್ದರು. ಪಾದ ಮುಂದಕ್ಕೆ ಜಾರದ ಹಾಗೆ ಹೀಲ್ ರಿಕಾಪಿಗೆ ಕೊಂಡಿಯಂತೆ ಕಚ್ಚಿಕೊಳ್ಳುತ್ತಿತ್ತು. 1599ರಲ್ಲಿ ಪರ್ಷಿಯಾದ ದೊರೆ ಷಾ ಅಬ್ಬಾಸ್ ಯುರೋಪಿನ ರಾಜರ ಸ್ನೇಹ ಬೇಕೆಂದು ದೂತರನ್ನು ಕಳಿಸಿದ. ಪರ್ಷಿಯಾದ್ದೆಲ್ಲ ಅಲ್ಲಿ ಫ್ಯಾಷನ್ ಆಯಿತು. ಅಲ್ಲಿನ ಸಿರಿವಂತ ಗಂಡಸರು ಹೀಲ್ ತೊಟ್ಟರು. ಅವರಲ್ಲಿ ಎಷ್ಟೋ ಜನರ ಹೀಲ್ ರಿಕಾಪನ್ನೇ ಕಂಡಿರಲಿಕ್ಕಿಲ್ಲ. ಕೆಸರಲ್ಲಿ ನಡೆಯಲು ಬಾರದ, ಕೆಲಸಕ್ಕೆ ಆಗದ ಶೂ. ನಾನು ದುಡಿಯಬೇಕಾಗಿಲ್ಲ ಅಂತ ತೋರಿಸುವುದಕ್ಕೆ ಅಷ್ಟು ಸಾಕಿತ್ತು. ಹೆಂಗಸರು ಗಂಡಸರನ್ನು ನೋಡಿ ಹೀಲ್ ಹಾಕಿಕೊಂಡರು, ತಿರುಗಾಮುರುಗಾ ಅಲ್ಲ.

ಹಾಗಾಗಿ 1600ರಿಂದ ಸುಮಾರು 1740ರವರೆಗೆ ಗಂಡು, ಹೆಣ್ಣು ಇಬ್ಬರ ಕಾಲಲ್ಲೂ ಹೀಲ್ ಇರುತ್ತದೆ. 17ನೇ ಶತಮಾನದ ಕೊನೆಗೆ ಬರುವಷ್ಟರಲ್ಲಿ ಎರಡೂ ಬೇರೆ ಬೇರೆ ಆಗುತ್ತವೆ. ಗಂಡಸಿನದು ಅಗಲ, ದಪ್ಪ, ಮೂತಿ ಚೌಕ. ಹೆಂಗಸಿನದು ಕೆಳಗೆ ಸಣ್ಣಗಾಗುವ ಹೀಲ್, ಮೂತಿ ಚೂಪು. ಆಮೇಲೆ ಗಂಡಸರು ಹೀಲ್ ಬಿಟ್ಟರು. ಬುದ್ಧಿವಂತಿಕೆ, ಸರಳತೆ ಗಂಡಸಿನ ಲಕ್ಷಣ, ಅಲಂಕಾರ ಹೆಂಗಸಿನ ಕೆಲಸ ಅನ್ನುವ ಮಾತು ಬಂದ ಕಾಲ ಅದು. ಮುಂದೆ ಗಂಡಸಿನ ಕಾಲಲ್ಲಿ ಹೀಲ್ ಕಂಡರೆ ಮೂರೇ ಜಾಗದಲ್ಲಿ ಹುಡುಕುತ್ತೇನೆ. ಅಮೆರಿಕದ ದನಗಾಹಿಗಳ ಬೂಟು (ಅಲ್ಲೂ ಕಾರಣ ರಿಕಾಪೇ), 1960ರ ದಶಕದಲ್ಲಿ ಬೀಟಲ್ಸ್ ಹಾಕಿದ ಕ್ಯೂಬನ್ ಹೀಲ್ ಬೂಟು, 1970ರ ದಶಕದ ಪ್ಲಾಟ್‌ಫಾರ್ಮ್, ಅಂದರೆ ಅಟ್ಟೆಯೇ ದಪ್ಪಗಿರುವ ಶೂ.

ಪಕ್ಕದಿಂದ ನೋಡಿ

ಇದೇ ಮುಖ್ಯ. ಶೂವನ್ನು ಮೇಜಿನ ಮೇಲೆ ಕಣ್ಣಿನ ಮಟ್ಟಕ್ಕೆ ಇಟ್ಟು ಪಕ್ಕದಿಂದ ನೋಡಿ. ಶೂವಿನ ಹಿಂಬದಿಯ ತುದಿಯಿಂದ ನೇರ ಕೆಳಕ್ಕೆ ಒಂದು ಸ್ಕೇಲ್ ಹಿಡಿಯಿರಿ. ಹೀಲ್‌ನ ಬುಡ ಸ್ಕೇಲಿನಿಂದ ಎಷ್ಟು ದೂರ ಇದೆ?

ಇವತ್ತಿನ ಹೀಲ್ ಹಿಮ್ಮಡಿಯ ಮೂಳೆಯ ಕೆಳಗೇ ನಿಲ್ಲುತ್ತದೆ. 18ನೇ ಶತಮಾನದ ಹೆಂಗಸರ ಹೀಲ್ ಹಾಗಲ್ಲ. ಅದು ಒಳಕ್ಕೆ ಬಾಗಿ, ಮುಂದೆ ಬಂದು, ಪಾದದ ಕಮಾನಿನ ಹತ್ತಿರ ನಿಲ್ಲುತ್ತದೆ. ಮಧ್ಯದಲ್ಲಿ ಸೊಂಟದಂತೆ ಸಣ್ಣ, ಬುಡದಲ್ಲಿ ಮತ್ತೆ ಅಗಲ. ಇದನ್ನೇ ಈಗ ಲೂಯಿ ಹೀಲ್ ಅನ್ನುತ್ತಾರೆ. ಹೆಸರು 15ನೇ ಲೂಯಿಯದು, 14ನೆಯವನದಲ್ಲ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ.

ಯಾಕೆ ಮುಂದಕ್ಕೆ? ಆಗ ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇರಲಿಲ್ಲ. ಹಿಮ್ಮಡಿಗೂ ಬೆರಳಿಗೂ ನಡುವಿನ ಸೇತುವೆ ಗಟ್ಟಿ ಇಲ್ಲದಿದ್ದರೆ ಶೂ ನಡುವೆ ಕುಸಿಯುತ್ತದೆ. ಹೀಲ್ ಮುಂದೆ ಬಂದರೆ ಸೇತುವೆ ಗಿಡ್ಡವಾಗುತ್ತದೆ, ತಡೆಯುತ್ತದೆ. ಅಂಥ ಶೂ ಹಾಕಿಕೊಂಡು ನೀವೇ ನಡೆದು ನೋಡಿದರೆ ಗೊತ್ತಾಗುತ್ತದೆ. ಭಾರ ಹಿಂದಕ್ಕೆ ಹಾಕಿದರೆ ಮಗುಚಿಕೊಳ್ಳುತ್ತದೆ. ಸಣ್ಣ ಸಣ್ಣ ಹೆಜ್ಜೆಯೇ ಗತಿ.

ಪಕ್ಕದಿಂದಲೇ ಕಾಣುವ ಇನ್ನೆರಡು ಗುರುತುಗಳಿವೆ. ಒಂದು, 18ನೇ ಶತಮಾನದ ಹೆಂಗಸರ ಶೂಗಳಲ್ಲಿ ಮೇಲ್ಬಟ್ಟೆ ಮತ್ತು ಅಟ್ಟೆ ಸೇರುವ ಕಡೆ ತೆಳ್ಳಗೆ ಬಿಳಿ ಚರ್ಮದ ಅಂಚು ಓಡಿರುತ್ತದೆ, ದಾರ ಎಳೆದ ಹಾಗೆ. ಇನ್ನೊಂದು ಬಕಲ್. ಲಂಡನ್ನಿನ ಸಾಮ್ಯುಯೆಲ್ ಪೀಪ್ಸ್ ತಾನು ಶೂಗೆ ಬಕಲ್ ಹಾಕಲು ಶುರುಮಾಡಿದ್ದನ್ನು 1660ರ ಜನವರಿ 22ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿಂದ 1790ರ ದಶಕದವರೆಗೆ ಬಕಲ್ ಕಾಲ. ಆಮೇಲೆ ದಾರ ಬಂತು.

ಮಗುಚಿ ಹಾಕಿ

ಶೂ ಕೈಯಲ್ಲೇ ಇದ್ದರೆ ತಿರುಗಿಸಿ ಅಟ್ಟೆ ನೋಡಿ. ಎಡ ಯಾವುದು, ಬಲ ಯಾವುದು ಅಂತ ಹೇಳಲು ಬರುತ್ತದಾ? ಬರದಿದ್ದರೆ ಖುಷಿಪಡಿ, ಹಳೆಯದು ಸಿಕ್ಕಿರಬಹುದು.

ಹೀಲ್ ಬಂದ ಮೇಲೆ ಶೂ ಮಾಡುವವರಿಗೆ ದೊಡ್ಡ ತಲೆನೋವು ಶುರುವಾಯಿತು. ಶೂ ಹೊಲಿಯುವುದು ಮರದ ಅಚ್ಚಿನ ಮೇಲೆ. ಹೀಲ್‌ನ ಒಂದೊಂದು ಎತ್ತರಕ್ಕೂ ಒಂದೊಂದು ಅಚ್ಚು ಬೇಕು. ಅದರಲ್ಲೂ ಎಡ, ಬಲ ಒಂದಕ್ಕೊಂದು ಕನ್ನಡಿಯಂತೆ ಕೆತ್ತುವುದು ಕಷ್ಟ, ಖರ್ಚೂ ಜಾಸ್ತಿ. ಹಾಗಾಗಿ 1600ರ ಸುಮಾರಿನಿಂದ ಎರಡೂ ಕಾಲಿಗೆ ಒಂದೇ ಆಕಾರ ಮಾಡಿದರು. ನೇರ ಶೂ. ಹಾಕಿ ಹಾಕಿ ಕಾಲಿಗೆ ತಕ್ಕ ಹಾಗೆ ಅದೇ ಹಿಗ್ಗಬೇಕು. ಇದು 1800 ದಾಟುವವರೆಗೂ ನಡೆಯಿತು. ಹೆಂಗಸರ ರೇಷ್ಮೆ ಸ್ಲಿಪ್ಪರ್‌ಗಳಲ್ಲಿ 19ನೇ ಶತಮಾನದ ನಡುವಿನವರೆಗೂ ಕಾಣುತ್ತದೆ. ಸುಮಾರು ಎರಡು ಶತಮಾನ ಜನ ಎಡಬಲ ಇಲ್ಲದ ಶೂಗಳಲ್ಲಿ ಓಡಾಡಿದರು ಅಂತ ಮೊದಲ ಸಲ ಓದಿದಾಗ ನನ್ನ ಕಾಲೇ ನೊಂದ ಹಾಗಾಯಿತು.

ಹೀಲ್‌ನ ಬುಡದಿಂದ ಬೆರಳಿನವರೆಗೆ ಇನ್ನೊಂದು ಸಪಾಟಾದ ಅಟ್ಟೆ ಹೋಗಿದೆಯಾ? ಹಾಗಿದ್ದರೆ ಅದು 17ನೇ ಶತಮಾನದ್ದು. ಹೀಲ್ ಕೆಸರಲ್ಲಿ ಹೂತುಹೋಗದಿರಲಿ ಅಂತ ಮಾಡಿದ್ದು. ಹಲವು ಸಲ ಈ ಅಟ್ಟೆ ಮುಂದೆ ಮಾತ್ರ ಅಂಟಿರುತ್ತಿತ್ತು. ನಡೆಯುವಾಗ ಹೀಲ್ ಅದಕ್ಕೆ ಬಡಿದು ಚಟಾರ್ ಚಟಾರ್ ಅನ್ನುತ್ತಿತ್ತು. ಒಮ್ಮೆ ಒಂದು ಜೊತೆ ಮಾಡಿಸಿ ರಂಗಕ್ಕೆ ಬಿಟ್ಟೆ. ಸದ್ದಿಗೆ ಮಾತೇ ಕೇಳಿಸಲಿಲ್ಲ. ಎರಡನೇ ಪ್ರದರ್ಶನಕ್ಕೆ ತೆಗೆಸಿದೆ.

ಉಗುರಿಂದ ತಟ್ಟಿ, ಮ್ಯಾಗ್ನೆಟ್ ಇಡಿ

ಹೀಲ್ ಯಾವುದರಿಂದ ಮಾಡಿದ್ದು ಅನ್ನುವುದು ಸುಳ್ಳು ಹೇಳದ ಸಾಕ್ಷಿ. ನನ್ನ ಹೊಲಿಗೆ ಡಬ್ಬಿಯಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ಸದಾ ಇರುತ್ತದೆ.

ಚರ್ಮದ ಪದರಗಳ ಮೇಲೆ ಪದರ ಇಟ್ಟು ಕಟ್ಟಿದ ಹೀಲ್‌ನಲ್ಲಿ ಅಡ್ಡ ಗೆರೆಗಳು ಕಾಣುತ್ತವೆ, ಪುಸ್ತಕದ ಅಂಚಿನ ಹಾಗೆ. ಸವಾರಿ ಬೂಟುಗಳದು ಹೀಗೇ. ಗೆರೆ ಕಾಣದೆ ಬಟ್ಟೆಯೋ ಚರ್ಮವೋ ಸುತ್ತಿದ್ದರೆ ಒಳಗೆ ಮರ ಇರಬಹುದು. ಉಗುರಿಂದ ತಟ್ಟಿದರೆ ಮರ ಟೊಕ್ ಅನ್ನುತ್ತದೆ, ಪ್ಲಾಸ್ಟಿಕ್ಕಿನ ಸದ್ದು ತೆಳು. ಕೆಳಗೆ ಕಪ್ಪು ರಬ್ಬರ್ ತುಂಡು ಇದ್ದರೆ ಅದು ತೀರಾ ಹಳೆಯದಲ್ಲ, ಇಲ್ಲವೇ ಆಮೇಲೆ ರಿಪೇರಿ ಆಗಿದೆ. ಅಮೆರಿಕದ ಹಂಫ್ರಿ ಓಸಲಿವನ್ ರಬ್ಬರ್ ಹೀಲ್‌ಗೆ ಪೇಟೆಂಟ್ ಪಡೆದದ್ದು 1899ರಲ್ಲಿ.

ಈಗ ಮ್ಯಾಗ್ನೆಟ್ಟನ್ನು ಹೀಲ್‌ನ ಹಿಂಬದಿಗೆ ಇಟ್ಟು ಮೇಲಿಂದ ಕೆಳಕ್ಕೆ ಸರಿಸಿ. ಮೇಲ್ಗಡೆ ಮಾತ್ರ ಹಿಡಿದರೆ ಅದು ಮೊಳೆ, ಏನೂ ಹೇಳುವುದಿಲ್ಲ. ತುದಿಯವರೆಗೂ ಎಳೆತ ಸಿಕ್ಕರೆ ಒಳಗೆ ಉಕ್ಕಿನ ಸರಳು ಇದೆ. ಅಂದರೆ 1950ರಿಂದ ಈಚಿನದು. ಪೆನ್ಸಿಲ್ ಹೀಲ್‌ನ ಗುಟ್ಟೇ ಈ ಸರಳು. ಮರವನ್ನು ಬೆರಳಿಗಿಂತ ಸಣ್ಣಗೆ ಕೆತ್ತಿದರೆ ಮುರಿಯುತ್ತದೆ. ಸರಳಿನ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ಯುವುದು ಗೊತ್ತಾದ ಮೇಲೆ ಎಷ್ಟು ಬೇಕಾದರೂ ಸಣ್ಣ ಮಾಡಬಹುದಾಯಿತು. 1953ರಿಂದ ಪ್ಯಾರಿಸ್ಸಿನ ಫ್ಯಾಷನ್ ವಿನ್ಯಾಸಕ ಡಿಯೋರ್ ಜೊತೆ ಕೆಲಸ ಮಾಡಿದ ಶೂ ವಿನ್ಯಾಸಕ ರೋಜೆ ವಿವಿಯೆ ಹೆಸರು ಇದಕ್ಕೆ ಅಂಟಿಕೊಂಡಿದೆ. ಶೂ ವಿನ್ಯಾಸಕರಾದ ಫೆರಗಾಮೊ, ಪೆರುಜಿಯಾ ಕೂಡ ಅದೇ ದಾರಿಯಲ್ಲಿದ್ದರು. ಒಬ್ಬರೇ ಕಂಡುಹಿಡಿದರು ಅನ್ನುವುದು ಸರಿಯಲ್ಲ. ಪೆನ್ಸಿಲ್ ಹೀಲ್‌ನ ಇನ್ನೊಂದು ಹೆಸರು ಸ್ಟಿಲೆಟ್ಟೊ, ಅಂದರೆ ಇಟಾಲಿಯನ್‌ನಲ್ಲಿ ಸಣ್ಣ ಕಠಾರಿ.

ಕಠಾರಿ ಅನ್ನುವುದು ಬರೀ ಅಲಂಕಾರದ ಮಾತಲ್ಲ. 60 ಕೆಜಿ ತೂಕದ ಹೆಂಗಸು ಒಂದು ಚದರ ಸೆಂ.ಮೀ. ತುದಿಯ ಹೀಲ್ ಮೇಲೆ ಪೂರ್ತಿ ಭಾರ ಹಾಕಿದರೆ ಆ ಒಂದು ಚದರ ಸೆಂ.ಮೀ. ಮೇಲೆ 60 ಕೆಜಿ ಬೀಳುತ್ತದೆ. ಆನೆಯ ಪಾದದಡಿ ಅಷ್ಟೇ ಜಾಗದ ಮೇಲೆ ಬೀಳುವುದು ಒಂದೆರಡು ಕೆಜಿ. ಮರದ ನೆಲಗಳಿಗೆಲ್ಲ ತೂತು ಬಿದ್ದವು. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರಿನಲ್ಲಿ 1963ರಲ್ಲಿ ಒಂದು ನಿಯಮ ಬಂತು. ಎರಡು ಇಂಚಿಗಿಂತ ಎತ್ತರ, ಬುಡ ಒಂದು ಚದರ ಇಂಚಿಗಿಂತ ಸಣ್ಣ ಇದ್ದರೆ ಪರ್ಮಿಟ್ ಬೇಕು. ಜನ ಎಡವಿ ಬಿದ್ದು ಊರಿನ ಮೇಲೆ ಕೇಸ್ ಹಾಕದಿರಲಿ ಅಂತ. ನನ್ನ ಹಲಗೆ ಸಂದಿ ನೆನಪಾಯಿತು.

ಮ್ಯಾಗ್ನೆಟ್ ಅಟ್ಟೆಯ ಕಮಾನಿನಲ್ಲೂ ಹಿಡಿಯದಿದ್ದರೆ, ಹೀಲ್ ಮತ್ತು ಅಟ್ಟೆಯ ನಡುವಿನ ಜಾಗವೂ ತುಂಬಿಕೊಂಡಿದ್ದರೆ, ಅದು ವೆಡ್ಜ್. ಇದರ ಹಿಂದೆ ಯುದ್ಧವಿದೆ. ಇಟಲಿ 1935ರಲ್ಲಿ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋಯಿತು. ಬೇರೆ ದೇಶಗಳು ನಿರ್ಬಂಧ ಹಾಕಿದವು. ಅಲ್ಲಿನ ಫೆರಗಾಮೊಗೆ ಅಟ್ಟೆಯೊಳಗೆ ಹಾಕುವ ಒಳ್ಳೇ ಉಕ್ಕು ಸಿಗಲಿಲ್ಲ, ಸಿಕ್ಕಿದ್ದು ಮುರಿಯುತ್ತಿತ್ತು. ಸೇತುವೆಗೆ ಉಕ್ಕಿಲ್ಲದಿದ್ದರೆ ಸೇತುವೆಯ ಕೆಳಗೇ ತುಂಬಿಬಿಡೋಣ ಅಂತ ಸಾರ್ಡೀನಿಯಾದ ಕಾರ್ಕ್ ಜೋಡಿಸಿದ. ಶೂ ಒಳಗಿನ ಒಂದು ಪಟ್ಟಿ ಇಲ್ಲದ್ದಕ್ಕೆ ಒಂದು ಫ್ಯಾಷನ್ನೇ ಹುಟ್ಟಿತು.

ಹೀಲೇ ಇಲ್ಲದ ಕಾಲ

ಫ್ರೆಂಚ್ ಕ್ರಾಂತಿ ಆದ ಮೇಲೆ ಹೀಲ್ ಕುಗ್ಗುತ್ತಾ ಹೋಯಿತು. 1800ರಿಂದ ಸುಮಾರು 1850ರವರೆಗೆ ಹೆಂಗಸರು ತೊಟ್ಟಿದ್ದು ಸಪಾಟಾದ, ಕಾಗದದಂಥ ಸ್ಯಾಟಿನ್ ಸ್ಲಿಪ್ಪರ್. ಈ ಐವತ್ತು ವರ್ಷ ಹಳೇ ಕಾಲದ ನಾಟಕ ಮಾಡುವವರಿಗೆ ಗುಂಡಿ. ಉದ್ದ ಗೌನ್ ಕಂಡ ಕೂಡಲೇ ಕೆಳಗೆ ಹೀಲ್ ತೊಡಿಸುತ್ತಾರೆ. ಬೇಡ. ಬ್ಯಾಲೆ ಶೂ ಕೊಡಿ, ಮುಗಿಯಿತು.

1850ರ ನಂತರ ಹೀಲ್ ಮೆಲ್ಲಗೆ ವಾಪಸ್ ಬಂತು. ಚಿತ್ರಕಾರ ಮಾನೆ 1863ರಲ್ಲಿ ಬರೆದ ಒಲಿಂಪಿಯಾ ಚಿತ್ರದಲ್ಲಿ ಮಂಚದ ಮೇಲಿನ ಹೆಂಗಸಿನ ಒಂದು ಮ್ಯೂಲ್ (ಹಿಂಬದಿ ಇಲ್ಲದ ಶೂ) ಕಾಲಿಂದ ಕಳಚಿದೆ. ಕ್ಯಾಮೆರಾವೂ ಆಗಲೇ ಬಂದಿದ್ದರಿಂದ ಆಮೇಲಿನದನ್ನು ಫೋಟೊ ನೋಡಿ ಕಲಿಯುವುದು ಸುಲಭ.

20ನೇ ಶತಮಾನವನ್ನು ಬೇಗ ಹೇಳಿಬಿಡುತ್ತೇನೆ. ಪಾದದ ಮೇಲೆ ಅಡ್ಡಪಟ್ಟಿ ಇದ್ದರೆ 1920ರ ದಶಕ, ಕುಣಿಯುವಾಗ ಶೂ ಹಾರಿಹೋಗದಿರಲಿ ಅಂತ. ದಪ್ಪ ಕಾರ್ಕ್, ಮರ ಇದ್ದರೆ 1930ರ ಕೊನೆ ಮತ್ತು ಯುದ್ಧದ ವರ್ಷಗಳು. ಚೂಪು ಮೂತಿ, ಗಿಡ್ಡ ಸಣ್ಣ ಹೀಲ್ ಇದ್ದರೆ ಕಿಟನ್ ಹೀಲ್, 1950ರ ದಶಕದ ಕೊನೆ. ಮಿನಿ ಸ್ಕರ್ಟ್ ಜೊತೆ ಗಿಡ್ಡ ಬ್ಲಾಕ್ ಹೀಲ್ ಇದ್ದರೆ 1960ರ ದಶಕ. ಕೆಂಪು ಅಟ್ಟೆ ಕಂಡರೆ 1990ರ ದಶಕದಿಂದ ಈಚಿನ ಲುಬುಟಾನ್ ಬ್ರ್ಯಾಂಡಿನದು. 14ನೇ ಲೂಯಿಯ ಆಸ್ಥಾನದ ಕೆಂಪು ಹೀಲ್ ಮತ್ತು ಈ ಕೆಂಪು ಅಟ್ಟೆ ಬೇರೆ ಬೇರೆ, ಮೂರು ಶತಮಾನದ ಅಂತರ. ಗೊಂದಲ ಬೇಡ.

ರಾಜನಿಗೆ ಹೀಲ್ ಮಾಡುವುದು

ಅದೇ ನಾಟಕ ಮೂರು ವರ್ಷದ ನಂತರ ಮತ್ತೆ ಬಂತು. ಈ ಸಲ ಮೊದಲು ರಿಗೊ 1701ರಲ್ಲಿ ಬರೆದ 14ನೇ ಲೂಯಿಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅರವತ್ತು ದಾಟಿದ ರಾಜ ನಿಲುವಂಗಿ ಸರಿಸಿ ಕಾಲು ತೋರಿಸುತ್ತಾ ನಿಂತಿದ್ದಾನೆ. ಬಿಳಿ ಶೂ, ಕೆಂಪು ಹೀಲ್. ಆ ಆಸ್ಥಾನದಲ್ಲಿ ಕೆಂಪು ಹೀಲ್ ಅಂದರೆ ರಾಜನ ಹತ್ತಿರದವರು ಅಂತ ಅರ್ಥ.

ನೀವೂ ಮಾಡುವುದಾದರೆ ಹೀಗೆ ಮಾಡಿ. ಐದಾರು ಸೆಂ.ಮೀ. ಬ್ಲಾಕ್ ಹೀಲ್ ಇರುವ, ಮೂತಿ ಚೌಕವಾಗಿರುವ ಹೆಂಗಸರ ದೊಡ್ಡ ಸೈಜಿನ ಶೂ ತನ್ನಿ. ಮೇಲೆ ಬಿಳಿ ಕಾಟನ್ ಬಟ್ಟೆ ಅಂಟಿಸಿ, ಪಾದದ ಮೇಲೆ ಎತ್ತರದ ನಾಲಿಗೆ ಹೊಲಿಯಿರಿ, ಬಕಲ್ ಹಾಕಿ. ಹೀಲ್‌ಗೆ ಮಾತ್ರ ಬಣ್ಣ ಬಳಿಯಬೇಡಿ. ನಾನು ಎನಾಮೆಲ್ ಬಳಿದೆ. ಮೂರನೇ ರಿಹರ್ಸಲ್‌ಗೆ ರಂಗದ ತುಂಬ ಕೆಂಪು ಚೂರು, ರಾಜ ಹೋದಲ್ಲೆಲ್ಲ ಜಾಡು. ಆಗಿನವರು ಮಾಡಿದಂತೆ ಚರ್ಮ ಸುತ್ತಿ. ತೆಳು ಕೆಂಪು ಚರ್ಮವನ್ನು ಒದ್ದೆ ಮಾಡಿ ಹಿಂಡಿ, ಹೀಲ್‌ನ ಹಿಂಬದಿಯ ನಡುವಿನಿಂದ ಶುರುಮಾಡಿ ಎರಡೂ ಕಡೆ ಎಳೆಯುತ್ತಾ ಅಂಟಿಸಿ. ಸುಕ್ಕು ಬಂದರೆ ಚಮಚದ ಬೆನ್ನಿಂದ ಉಜ್ಜಿ. ಎರಡು ಅಂಚೂ ಹೀಲ್‌ನ ಒಳಮುಖದಲ್ಲಿ, ಅಂದರೆ ಬೆರಳಿನ ಕಡೆಗಿರುವ ಮುಖದಲ್ಲಿ ಸೇರಬೇಕು. ಅಲ್ಲಿ ಕೂಡಿಸಿದ್ದು ಯಾರಿಗೂ ಕಾಣದು. ರಾತ್ರಿಯಿಡೀ ದಾರ ಸುತ್ತಿ ಬಿಡಿ. ಕೊನೆಗೆ ಬುಡಕ್ಕೆ ರಬ್ಬರ್ ತುಂಡು ಅಂಟಿಸಿ. ಚರಿತ್ರೆಗೆ ಮೋಸ, ಆದರೆ ನಟ ಜಾರುವುದಿಲ್ಲ.

ರಾಣಿಗೆ ಮರದ ಲೂಯಿ ಹೀಲ್ ಇರುವ ಡ್ಯಾನ್ಸ್ ಶೂ ಕೊಟ್ಟೆ. 15ನೆಯವನ ಹೀಲ್ 14ನೆಯವನ ಆಸ್ಥಾನಕ್ಕೆ ಸ್ವಲ್ಪ ಮುಂಚೆ ಬಂತು, ಗೊತ್ತು. ಪೆನ್ಸಿಲ್ ಹೀಲ್‌ಗಿಂತ ವಾಸಿ.

ಶೂವನ್ನು ಮೊದಲ ರಿಹರ್ಸಲ್‌ನಿಂದಲೇ ಹಾಕಿಸಿ. ಹೀಲ್ ಬಂದ ಕೂಡಲೇ ಗಂಡಸಿನ ನಡಿಗೆ ಬದಲಾಗುತ್ತದೆ, ಎದೆ ಮುಂದೆ ಬರುತ್ತದೆ, ಮೊದಲ ವಾರ ಮೀನಖಂಡ ನೋಯುತ್ತದೆ. ನಮ್ಮ ರಾಜ ಎರಡು ದಿನ ಗೊಣಗಿದ, ಮೂರನೇ ದಿನ ಕನ್ನಡಿ ಮುಂದಿಂದ ಕದಲಲಿಲ್ಲ. ಪ್ರದರ್ಶನದ ಹಿಂದಿನ ದಿನ ರಂಗದ ಹಲಗೆ ಸಂದಿಗಳಿಗೆಲ್ಲ ನಾನೇ ಮೊಣಕಾಲೂರಿ ಟೇಪ್ ಅಂಟಿಸಿದೆ. ಇನ್ನು ರಾಜ ಪ್ರೇಕ್ಷಕರಿಗೆ ನೇರ ಎದುರು ನಿಂತರೆ ಹೀಲ್ ಕಾಣುವುದೇ ಇಲ್ಲ. ಒಂದು ಕಾಲು ಮುಂದಿಟ್ಟು, ಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲಿಸಿ. ರಿಗೊನ ಚಿತ್ರದಲ್ಲಿ ಲೂಯಿ ನಿಂತಿರುವುದೂ ಹಾಗೆಯೇ.